ಹೊಲಿಗೆ ಬಿಚ್ಚಿದ ಮೇಲೆ ಮಿದುಳಿನೊಳಗೆ

ಸಾಯಗಾಂವದಿಂದ ಭಾಲ್ಕಿ ಕಡೆಗೆ ಸಂಜೆ ಹೊತ್ತಿನಲ್ಲಿ ಮೋಟರ್ ಸೈಕಲ್ ಮೇಲೆ ಹೊರಟ ಇಪ್ಪತ್ತರ ಹುಡುಗನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಂಗಿ ಗಾಳಿಗೆ ಉಬ್ಬಿದೆ, ಹಿಂದೆ ಗೆಳೆಯ ಕೂತಿದ್ದಾನೆ, ಹೆಲ್ಮೆಟ್ ಮನೆಯ ಗೂಟದಲ್ಲೇ ಉಳಿದಿದೆ. ಆ ಹುಡುಗ ತಲೆಯೊಳಗೆ ಏನನ್ನು ಹೊತ್ತುಕೊಂಡು ಹೊರಟಿದ್ದಾನೆ ಗೊತ್ತೆ? ಡೆನ್ಮಾರ್ಕಿನ ಸಂಶೋಧಕರು 2003ರಲ್ಲಿ ಲೆಕ್ಕ ಹಾಕಿದರು: ಇಪ್ಪತ್ತು ವರ್ಷದ ಗಂಡಸಿನ ಮಿದುಳಿನ ಬಿಳಿ ಭಾಗದಲ್ಲಿರುವ ನರತಂತುಗಳನ್ನು ಒಂದರ ತುದಿಗೆ ಒಂದು ಸೇರಿಸುತ್ತ ಹೋದರೆ ಸುಮಾರು 1,76,000 ಕಿಲೋಮೀಟರ್! ಭೂಮಿಗೆ ನಾಲ್ಕು ಸುತ್ತು ಸುತ್ತಿದರೂ ಇನ್ನೂ ಮಿಗುತ್ತದೆ. ಅಷ್ಟೂ ದೂರ ಒಂದೂವರೆ ಕಿಲೋ ಕೂಡ ತೂಗದ ಒಂದು ಅಂಗದೊಳಗೆ ಮಡಿಚಿ ಕೂತಿದೆ. ಅವ್ವನ ದನಿ, ಉದ್ಗೀರದ ಸಂತೆಗೆ ಹೋಗುವ ದಾರಿ, ಕನ್ನಡ, ಮರಾಠಿ, ಸಿಟ್ಟು ಬಂದಾಗ ಅದನ್ನು ನುಂಗಿಕೊಳ್ಳುವ ಜಾಣತನ, ಎಲ್ಲವೂ ಆ ತಂತುಗಳ ಗುಂಟ ಓಡಾಡುತ್ತಿವೆ.

ಕಬ್ಬಿನ ಹಂಗಾಮು. ಹಿಂದೆ ದೀಪವಿಲ್ಲದ ಒಂದು ಟ್ರ್ಯಾಲಿ ಕತ್ತಲಲ್ಲಿ ಕಣ್ಣಿಗೆ ಬೀಳುವುದೇ ತಡವಾಗುತ್ತದೆ. ಇಂಥದ್ದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಹಣೆಗೆ ನಾಲ್ಕು ಹೊಲಿಗೆ, ಅರ್ಧ ತಾಸು ಎಚ್ಚರವಿರಲಿಲ್ಲ, ಬೀದರಿನಲ್ಲೋ ಹೈದರಾಬಾದಿನಲ್ಲೋ ಒಂದು ಸಿಟಿ ಸ್ಕ್ಯಾನ್. ರಿಪೋರ್ಟ್ ನಾರ್ಮಲ್. ಎರಡು ದಿನಕ್ಕೆ ಹುಡುಗ ಮನೆಗೆ ಬರುತ್ತಾನೆ, ಹನುಮಂತ ದೇವರಿಗೆ ಕಾಯಿ ಒಡೆಯುತ್ತಾರೆ. ಆರು ತಿಂಗಳ ಮೇಲೆ ಅದೇ ಮನೆಗೆ ಹೋಗಿ ಕೂತರೆ ಅವ್ವ ದನಿ ತಗ್ಗಿಸಿ ಹೇಳುತ್ತಾಳೆ: "ರಿಪೋರ್ಟ್ ನಾರ್ಮಲ್ ಅದಾ ಅಂದಾರ್ರಿ. ಆದ್ರ ಅಂವ ಮೊದಲಿನಂಗ ಇಲ್ರಿ."

ಈ ಒಂದು ಮಾತು ಎಷ್ಟು ಮನೆಗಳಲ್ಲಿ ಕೇಳಿಬಂದಿದೆ! ಹಾಗೆ ಹೇಳಿದವರನ್ನು ಎಷ್ಟು ಕಡೆ "ನಿಮಗೆ ಸುಮ್ಮನೆ ಅನಿಸ್ತದ" ಎಂದು ಕಳಿಸಿದ್ದಾರೆ! ಈಗ ಕೇಳಿ: ಕಳೆದ ಮೂವತ್ತು ವರ್ಷಗಳಲ್ಲಿ ಮಿದುಳಿನ ಚಿತ್ರ ತೆಗೆಯುವ ವಿದ್ಯೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗಿ, ಆ ಅವ್ವ ಕಂಡದ್ದನ್ನೇ ಕಂಡಿದೆ. ಹಣೆಯ ಹೊಲಿಗೆ ಬಿಚ್ಚಿ ವರ್ಷಗಳಾದ ಮೇಲೂ ಒಳಗೆ ನಡೆದೇ ಇರುವ ಕೆಲಸವನ್ನು ಪರದೆಯ ಮೇಲೆ ತೋರಿಸಿದೆ. ಅದನ್ನು ಓದುತ್ತ ಹೋದಂತೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಮೊದಲು ಆ ನಾರ್ಮಲ್ ರಿಪೋರ್ಟಿಗೆ ನ್ಯಾಯ ಸಲ್ಲಿಸೋಣ. ಅದು ಸುಳ್ಳು ಹೇಳಿರಲಿಲ್ಲ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಕಟ್ಟಿದ ಯಂತ್ರದಲ್ಲಿ ಮೊಟ್ಟಮೊದಲ ರೋಗಿಯ ತಲೆಯ ಸಿಟಿ ಚಿತ್ರ ಮೂಡಿತು. ಹಾಡಿನ ತಟ್ಟೆ ಮಾರುತ್ತಿದ್ದ ಇಎಂಐ ಕಂಪನಿಯ ನೌಕರ ಆತ! ಆ ಚಿತ್ರದಲ್ಲಿ ಉದ್ದಕ್ಕೆ 80, ಅಡ್ಡಕ್ಕೆ 80, ಒಟ್ಟು 6,400 ಚುಕ್ಕಿ ಮಾತ್ರ. ಅಷ್ಟೇ ಸಾಕಾಯಿತು. ತಲೆಬುರುಡೆ ತೆರೆಯದೆ ಮಿದುಳನ್ನು ನೋಡಲು ಮನುಷ್ಯನಿಗೆ ಸಾಧ್ಯವಾದದ್ದು ಅಂದು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್ ಇಬ್ಬರಿಗೂ ನೊಬೆಲ್ ಬಂತು. ಇಂದಿಗೂ ಅಪಘಾತವಾದ ಮೊದಲ ತಾಸಿನಲ್ಲಿ ಸಿಟಿಯನ್ನು ಮೀರಿಸುವುದು ಇನ್ನೊಂದಿಲ್ಲ. ಎಲುಬು ಒಡೆದಿದೆಯೆ, ಎಲ್ಲಿಯಾದರೂ ರಕ್ತ ಹೆಪ್ಪುಗಟ್ಟಿ ಮಿದುಳನ್ನು ಒತ್ತುತ್ತಿದೆಯೆ, ಈಗಲೇ ಆಪರೇಷನ್ ಬೇಕೆ? ಈ ಪ್ರಶ್ನೆಗಳಿಗೆ ಅದು ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಪ್ರಾಣ ಉಳಿಸುವ ಚಿತ್ರ ಅದು. ಆದರೆ ಎಕ್ಸ್‌ರೇ ಕಿರಣಕ್ಕೆ ಕಾಣುವುದು ಗಟ್ಟಿ ಯಾವುದು, ಮೆತ್ತಗಿನದು ಯಾವುದು ಎಂಬ ವ್ಯತ್ಯಾಸ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ದಪ್ಪದ ತಂತು ಜಗ್ಗಿದೆಯೋ ಹರಿದಿದೆಯೋ ಅದಕ್ಕೆ ಹೇಗೆ ಕಾಣಬೇಕು?

ತಂತು ಜಗ್ಗುತ್ತದೆ ಎಂದು ಮೊದಲು ಹೇಳಿದ್ದು ಡಾಕ್ಟರಲ್ಲ, ಭೌತವಿಜ್ಞಾನಿ! ಎರಡನೆಯ ಮಹಾಯುದ್ಧದ ಕಾಲ. ಆಕ್ಸ್‌ಫರ್ಡಿನಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರಿದ್ದರು. 1935ರಲ್ಲಿ ಮೋಟರ್ ಸೈಕಲ್‌ನಿಂದ ಬಿದ್ದ 'ಲಾರೆನ್ಸ್ ಆಫ್ ಅರೇಬಿಯಾ' ಖ್ಯಾತಿಯ ಟಿ.ಇ. ಲಾರೆನ್ಸ್‌ಗೆ ಚಿಕಿತ್ಸೆ ಕೊಟ್ಟವರಲ್ಲಿ ಅವರೂ ಒಬ್ಬರು. ಲಾರೆನ್ಸ್ ಉಳಿಯಲಿಲ್ಲ. ಕೇರ್ನ್ಸ್ ಆ ಸಾವನ್ನು ಮರೆಯಲಿಲ್ಲ. ಸೈನ್ಯದಲ್ಲಿ ಮೋಟರ್ ಸೈಕಲ್ ಓಡಿಸುವವರ ತಲೆಪೆಟ್ಟುಗಳನ್ನು ಒಂದೊಂದಾಗಿ ಕಲೆಹಾಕುತ್ತ ಹೋದರು. ಹೆಲ್ಮೆಟ್ ಪ್ರಾಣ ಉಳಿಸುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷಿ ಅಲ್ಲಿಂದ ಬಂತು. ಅವರ ಜೊತೆ ಕೆಲಸ ಮಾಡುತ್ತಿದ್ದ ಭೌತವಿಜ್ಞಾನಿ ಹೋಲ್‌ಬರ್ನ್, ತಲೆಬುರುಡೆಯ ಆಕಾರದೊಳಗೆ ಜೆಲಟಿನ್ ಹುಯ್ದು, ಅದನ್ನು ಗಕ್ಕನೆ ತಿರುಗಿಸಿ, ಜೆಲಟಿನ್ ಎಲ್ಲೆಲ್ಲಿ ಜಗ್ಗುತ್ತದೆ ಎಂದು ಬೆಳಕು ಹಾಯಿಸಿ ನೋಡಿದರು. 1943ರಲ್ಲಿ ಪ್ರಕಟಿಸಿದ ಅವರ ಮಾತು ಇಂದಿಗೂ ನಿಂತಿದೆ: ತಲೆ ನೇರ ಹೋಗಿ ಬಡಿಯುವುದಕ್ಕಿಂತ, ಬಡಿದ ಕ್ಷಣದಲ್ಲಿ ಗಿರ್ರನೆ ತಿರುಗುವುದೇ ಮಿದುಳನ್ನು ಹೆಚ್ಚು ಹಾಳುಮಾಡುತ್ತದೆ. ಬುರುಡೆ ತಿರುಗಿತು, ಒಳಗಿನ ಮೆತ್ತನೆಯ ಮಿದುಳು ಅದರ ಹಿಂದೆ ಬಿತ್ತು. ಒಂದು ಪದರ ಇನ್ನೊಂದರ ಮೇಲೆ ಜಾರಿತು. ಬೂದು ಭಾಗ ಬಿಳಿ ಭಾಗವನ್ನು ಸೇರುವ ಅಂಚಿನಲ್ಲಿ, ಎರಡು ಮಗ್ಗುಲಿನ ಮಿದುಳನ್ನು ಜೋಡಿಸುವ ಸೇತುವೆಯಲ್ಲಿ, ತಂತುಗಳು ಹಿಗ್ಗಿದವು.

ಹಿಗ್ಗಿದ ತಂತು ಆ ಕ್ಷಣಕ್ಕೇ ಹರಿಯುವುದು ಕಡಿಮೆ. ನನ್ನನ್ನು ಬೆರಗುಗೊಳಿಸಿದ್ದು ಇದೇ. ತಂತುವಿನೊಳಗೆ ಸಾಮಾನು ಸಾಗಿಸುವ ಅತಿಸೂಕ್ಷ್ಮ ಕೊಳವೆಗಳಿವೆ. ಅವು ಅಲ್ಲಲ್ಲಿ ಮುರಿಯುತ್ತವೆ. ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಸಾಗಾಟ ನಿಂತು, ಮುರಿದ ಜಾಗದಲ್ಲಿ ಸಾಮಾನು ಜಮಾಯಿಸಿ, ತಂತು ಉಬ್ಬುತ್ತದೆ. ತಾಸುಗಳ ಮೇಲೆ, ಕೆಲವು ಸಲ ದಿನಗಳ ಮೇಲೆ ಅದು ಕಡಿದುಬೀಳುತ್ತದೆ. ಹುಡುಗ ಆಸ್ಪತ್ರೆಯಲ್ಲಿ ಎದ್ದು ಕೂತು ಚಹಾ ಕುಡಿಯುತ್ತಿರುವಾಗಲೂ, ಸಿಟಿ ಫಿಲ್ಮು ಪ್ಲಾಸ್ಟಿಕ್ ಚೀಲದೊಳಗೆ ಸೇರಿದ ಮೇಲೂ, ಒಳಗೆ ತಂತುಗಳು ಕಡಿಯುತ್ತಲೇ ಇರುತ್ತವೆ!

ಇದನ್ನು ಕಣ್ಣಾರೆ ಕಂಡವರು ಸಬೀನಾ ಸ್ಟ್ರಿಚ್. ಅವರೂ ಆಕ್ಸ್‌ಫರ್ಡಿನವರು. ತಲೆಗೆ ಪೆಟ್ಟಾದ ಮೇಲೆ ಬುದ್ಧಿ ಪೂರ್ತಿ ಮಂಕಾಗಿ, ತಿಂಗಳುಗಟ್ಟಲೆ ಬದುಕಿ ತೀರಿಕೊಂಡ ಐವರ ಮಿದುಳನ್ನು ಅವರು ಸೂಕ್ಷ್ಮದರ್ಶಕದಡಿ ನೋಡಿ 1956ರಲ್ಲಿ ಬರೆದರು. ಹೊರಗಿನಿಂದ ಹೇಳಿಕೊಳ್ಳುವಂಥ ಗಾಯವಿಲ್ಲ, ಒಳಗೆ ಬಿಳಿ ಭಾಗವೆಲ್ಲ ಸವೆದಿದೆ. ಆದರೆ ಅದು ಸತ್ತವರ ಮಿದುಳು. ಬದುಕಿರುವವನ ತಲೆಯೊಳಗೆ ಇದನ್ನು ನೋಡುವುದು ಹೇಗೆ? ಆ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ನಾಲ್ಕು ದಶಕ ಬೇಕಾಯಿತು. ಉತ್ತರ ಬಂದದ್ದು ಎಲ್ಲಿಂದ? ನೀರಿನಿಂದ!

ಎಂಆರ್‌ಐ ಕೋಣೆಯ ಹೊರಗೆ ನಿಂತು ನೋಡಿದವರಿಗೆ ಗೊತ್ತು. ಕೊರಳಿನ ಕರಡಿಗೆ, ಉಡದಾರ, ಕಾಲುಂಗುರ, ಜೇಬಿನ ಕೀಲಿಕೈ ಎಲ್ಲ ಬಿಚ್ಚಿ ಮನೆಯವರ ಕೈಗೆ ಕೊಟ್ಟು, ಕಿವಿಗೆ ಹತ್ತಿ ತುರುಕಿಕೊಂಡು ಒಳಗೆ ಹೋಗಬೇಕು. ತಲೆಯ ಸುತ್ತ ಒಂದು ಪಂಜರ ಇಡುತ್ತಾರೆ. ಹಲಗೆ ಮೆಲ್ಲಗೆ ಸುರಂಗದೊಳಗೆ ಸರಿಯುತ್ತದೆ. ಆಮೇಲೆ ಶುರುವಾಗುತ್ತದೆ ಸದ್ದು: ಟಕಟಕ, ಡಬಡಬ, ಗುಂಯ್ಗುಡುವುದು, ಮತ್ತೆ ಟಕಟಕ. ಒಳಗೆ ಮಲಗಿದವನಿಗೆ ಸಾಕುಬೇಕಾಗುತ್ತದೆ. ಆ ಹೊತ್ತಿನಲ್ಲಿ ನಡೆಯುತ್ತಿರುವುದಾದರೂ ಏನು! ಮೂರು ಟೆಸ್ಲಾ ಕಾಂತ, ಅಂದರೆ ಭೂಮಿಯ ಕಾಂತಬಲದ ಸುಮಾರು 60,000 ಪಟ್ಟು. ಅದರ ಹಿಡಿತದಲ್ಲಿ ಮಿದುಳಿನ ನೀರಿನಲ್ಲಿರುವ ಹೈಡ್ರೋಜನ್‌ನ ಪ್ರೋಟಾನ್‌ಗಳು ಸೆಕೆಂಡಿಗೆ ಸುಮಾರು 12.8 ಕೋಟಿ ಸಲ ತಿರುಗುತ್ತಿರುತ್ತವೆ. ನಮ್ಮ ಎಫ್‌ಎಂ ರೇಡಿಯೊ ಕೇಳಿಬರುವ ತರಂಗಗಳಿಗೆ ಅದು ಹತ್ತಿರದ ನೆಂಟ. ಯಂತ್ರ ರೇಡಿಯೊ ತರಂಗ ಬಿಟ್ಟು ಅವುಗಳನ್ನು ಮಾತಾಡಿಸುತ್ತದೆ, ಅವು ಉತ್ತರ ಕೊಡುತ್ತವೆ. ಚಿತ್ರವೆಲ್ಲ ಆ ಉತ್ತರದಿಂದ ಹುಟ್ಟಿದ್ದು.

1994ರಲ್ಲಿ ಅಮೆರಿಕದ ಪೀಟರ್ ಬ್ಯಾಸರ್ ಮತ್ತು ಫ್ರಾನ್ಸಿನ ಡೆನಿ ಲೆ ಬಿಹಾನ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಮಿದುಳಿನಲ್ಲಿ ನೀರು ಎಲ್ಲಿದೆ ಎಂದಷ್ಟೇ ಕೇಳುವುದೇಕೆ, ಅದು ಯಾವ ದಿಕ್ಕಿಗೆ ಸರಿಯುತ್ತಿದೆ ಎಂದೂ ಕೇಳಬಹುದಲ್ಲ? ಕಬ್ಬಿನ ಹೊಲಕ್ಕೆ ನೀರು ಬಿಟ್ಟಾಗ ಅದು ಸಾಲಿನ ಗುಂಟ ಸಲೀಸಾಗಿ ಓಡುತ್ತದೆ, ಬೋದು ದಾಟಿ ಅಡ್ಡ ಹೋಗುವುದಿಲ್ಲ. ಎಲ್ಲಿಯಾದರೂ ಬೋದು ಒಡೆದರೆ ದಿಕ್ಕುಗೆಟ್ಟು ಹರಡಿಬಿಡುತ್ತದೆ. ನರತಂತುಗಳ ನಡುವಿನ ನೀರೂ ಹೀಗೆಯೇ. ಅದು ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಸರಿಯುವ ದೂರ ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು! ಅಷ್ಟು ಸಣ್ಣ ಚಲನೆಯನ್ನು ಹತ್ತಾರು ದಿಕ್ಕುಗಳಿಂದ ಅಳೆದು, ಮಿದುಳಿನ ಒಂದೊಂದು ಕಾಳಷ್ಟು ಜಾಗಕ್ಕೂ ಸೊನ್ನೆಯಿಂದ ಒಂದರ ನಡುವೆ ಒಂದು ಅಂಕ ಕೊಡುತ್ತಾರೆ. ತಂತುಗಳು ಒತ್ತಾಗಿ, ಒಂದೇ ದಿಕ್ಕಿಗೆ, ಗಟ್ಟಿಯಾಗಿದ್ದರೆ ಅಂಕ ಮೇಲೆ. ಕಡಿದು, ಸವೆದು, ಹೊದಿಕೆ ಕಳಚಿದ್ದರೆ ಅಂಕ ಕೆಳಗೆ. ಈ ವಿಧಾನಕ್ಕೆ ಡಿಟಿಐ ಎನ್ನುತ್ತಾರೆ. ತಲೆಗೆ ಪೆಟ್ಟಾದವರಲ್ಲಿ, ಅದೂ ವರ್ಷಗಳ ಮೇಲೆ, ಎರಡು ಮಗ್ಗುಲನ್ನು ಜೋಡಿಸುವ ಆ ಸೇತುವೆಯಲ್ಲಿ, ಮುಂಭಾಗದ ತಂತುಗಳಲ್ಲಿ ಅಂಕ ಇಳಿದಿರುವುದನ್ನು ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಕಂಡಿವೆ. ಸ್ಟ್ರಿಚ್ ಸತ್ತವರಲ್ಲಿ ಕಂಡದ್ದು ಈಗ ಬದುಕಿರುವವರಲ್ಲಿ, ಮನೆಯಿಂದ ಡಬ್ಬಿ ಕಟ್ಟಿಕೊಂಡು ಬಂದು ಸಂಜೆ ಬಸ್ಸಿಗೆ ಹಿಂತಿರುಗುವವರಲ್ಲಿ ಕಾಣುತ್ತಿದೆ!

ಇನ್ನೊಂದು ಚಿತ್ರವಿದೆ. ಅದು ಹುಡುಕುವುದು ಕಬ್ಬಿಣವನ್ನು. ಮಿದುಳಿನ ಒಳಗೆ ಕೂದಲಿಗಿಂತ ಸಣ್ಣ ರಕ್ತನಾಳ ಒಡೆದು ಒಂದು ಹನಿಯ ಅಣುವಷ್ಟು ರಕ್ತ ಸೋರಿತೆನ್ನಿ. ರಕ್ತ ಕರಗಿ ಹೋಗುತ್ತದೆ, ಅದರ ಕಬ್ಬಿಣ ಮಾತ್ರ ಅಲ್ಲೇ ಉಳಿಯುತ್ತದೆ. ಆ ಕಬ್ಬಿಣ ಸುತ್ತಲಿನ ಕಾಂತಕ್ಷೇತ್ರವನ್ನು ಒಂಚೂರು ಕದಡುತ್ತದೆ. ಆ ಕದಡಿಕೆಯೇ ಸಾಕು, ಎಸ್‌ಡಬ್ಲ್ಯೂಐ ಎಂಬ ಎಂಆರ್‌ಐ ಚಿತ್ರದಲ್ಲಿ ಕಪ್ಪು ಚುಕ್ಕಿ ಬೀಳುತ್ತದೆ. ವರ್ಷಗಳ ಹಿಂದಿನ ಒಂದು ಸಂಜೆಯ ಅಪಘಾತಕ್ಕೆ ಸಾಕ್ಷಿಯಾಗಿ ಆ ಚುಕ್ಕಿಗಳು ಅಲ್ಲಿ ಕೂತಿರುತ್ತವೆ. 2013ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಸಣ್ಣ ಪೆಟ್ಟು ಎಂದು ಗುರುತಿಸಿ, ಸಿಟಿ ನಾರ್ಮಲ್ ಬಂದವರಿಗೆ ಕೆಲವು ದಿನಗಳಲ್ಲೇ ಎಂಆರ್‌ಐ ಮಾಡಿದಾಗ, ನೂರಕ್ಕೆ 27 ಜನರಲ್ಲಿ ಏನಾದರೂ ಗಾಯ ಕಂಡಿತು. ಕಾಲುಭಾಗಕ್ಕಿಂತ ಹೆಚ್ಚು!

ಇಲ್ಲಿಗೆ ನಿಂತಿದ್ದರೂ ಸಾಕಷ್ಟು ದೊಡ್ಡ ಮಾತೇ. ಮುಂದಿನದು ಇನ್ನೂ ಆಳ. ಗಾಯವಾದದ್ದು ಗೊತ್ತಾಯಿತು, ಅದು ಯಾವಾಗ ಮಾಯುತ್ತದೆ? ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ತಲೆಪೆಟ್ಟಾದ ಹತ್ತು ಜನರನ್ನು ಪೆಟ್ ಸ್ಕ್ಯಾನಿಗೆ ಮಲಗಿಸಿತು. ಮಿದುಳಿನ ಕಾವಲು ಕೋಶಗಳು ಎಲ್ಲಿ ಕೆರಳಿ ಕೂತಿವೆಯೋ ಅಲ್ಲಿಗೇ ಹೋಗಿ ಅಂಟಿಕೊಳ್ಳುವ ಒಂದು ದ್ರವ್ಯವನ್ನು ರಕ್ತಕ್ಕೆ ಚುಚ್ಚಿದರು. ಅದಕ್ಕೆ ಕಟ್ಟಿದ ವಿಕಿರಣಶೀಲ ಇಂಗಾಲದ ಅರ್ಧಾಯುಷ್ಯ ಬರೀ 20 ನಿಮಿಷ. ತಯಾರಿಸಿ ತಂದು ಚುಚ್ಚುವಷ್ಟರಲ್ಲೇ ಅದು ಕರಗತೊಡಗಿರುತ್ತದೆ. 2011ರಲ್ಲಿ ಅವರು ಪ್ರಕಟಿಸಿದ್ದನ್ನು ನಾನು ಮತ್ತೆ ಮತ್ತೆ ಓದಿದೆ. ಪೆಟ್ಟಾಗಿ 17 ವರ್ಷ ಕಳೆದವರಲ್ಲೂ ಕಾವಲು ಕೋಶಗಳು ಕೆರಳಿಯೇ ಇದ್ದವು! ಅದೂ ಪೆಟ್ಟು ಬಿದ್ದ ಜಾಗದಲ್ಲಲ್ಲ. ಅಲ್ಲಿಂದ ದೂರ, ಮಿದುಳಿನ ನಡುಮಧ್ಯದ ಥಲಾಮಸ್‌ನಲ್ಲಿ. ಕಣ್ಣು, ಕಿವಿ, ಚರ್ಮದ ಸುದ್ದಿಯೆಲ್ಲ ಹಾದುಹೋಗುವ ಜಾಗ ಅದು. ದೂರದ ತಂತು ಕಡಿದ ಸುದ್ದಿ ಅಲ್ಲಿಗೆ ಮುಟ್ಟಿ, ಹದಿನೇಳು ವರ್ಷ ಅಲ್ಲಿ ಬೆಂಕಿ ಆರಿಲ್ಲ.

ಅದೇ ಕಾಲೇಜಿನಿಂದ 2015ರಲ್ಲಿ ಇನ್ನೊಂದು. ಸಾವಿರದೈನೂರಕ್ಕೂ ಹೆಚ್ಚು ಆರೋಗ್ಯವಂತರ ಎಂಆರ್‌ಐ ತೋರಿಸಿ, ಮಿದುಳು ನೋಡಿ ವಯಸ್ಸು ಹೇಳುವುದನ್ನು ಕಂಪ್ಯೂಟರಿಗೆ ಕಲಿಸಿದರು. ಆಮೇಲೆ ತಲೆಪೆಟ್ಟಾದವರ ಚಿತ್ರ ಕೊಟ್ಟರು. ಅವರ ನಿಜ ವಯಸ್ಸಿಗಿಂತ ಸರಾಸರಿ ನಾಲ್ಕೂವರೆಯಿಂದ ಆರು ವರ್ಷ ಹೆಚ್ಚು ಎಂದಿತು ಕಂಪ್ಯೂಟರು. ಪೆಟ್ಟಾಗಿ ಹೆಚ್ಚು ವರ್ಷ ಕಳೆದವರಲ್ಲಿ ಆ ಅಂತರವೂ ಹೆಚ್ಚು. ಎಂದೋ ಒಂದು ಸಂಜೆ ನಡೆದು ಮುಗಿಯಿತು ಎಂದುಕೊಂಡ ಘಟನೆ ಮುಗಿದಿಲ್ಲ, ನಿಧಾನವಾಗಿ ಸಾಗುತ್ತಲೇ ಇದೆ.

ಇಷ್ಟೆಲ್ಲ ಕಂಡ ಮೇಲೆ ಮನೆಯವರ ದೂರುಗಳನ್ನು ಮತ್ತೊಮ್ಮೆ ಕೇಳಿ ನೋಡಿ. "ಒಗ್ಗರಣಿ ಹೊತ್ತಿ ಮನಿ ತುಂಬ ಹೊಗಿ ಆದ್ರೂ ಅಂವಗ ವಾಸನಿ ಬರಲಿಲ್ರಿ" ಎನ್ನುತ್ತಾಳೆ ವೈನಿ. ಬರುವುದಾದರೂ ಹೇಗೆ? ವಾಸನೆಯ ನರಗಳು ಮೂಗಿನ ಮೇಲಿನ ಜರಡಿಯಂಥ ಎಲುಬಿನ ತೂತುಗಳಿಂದ ಮಿದುಳಿಗೆ ಏರುತ್ತವೆ. ಮಿದುಳು ಹಿಂದೆಮುಂದೆ ಜಾರಿದಾಗ ಅವೇ ಮೊದಲು ಕತ್ತರಿಸಿ ಹೋಗುತ್ತವೆ. ಅವುಗಳ ಪಕ್ಕದಲ್ಲೇ ಕಣ್ಣುಗುಡ್ಡೆಯ ಮೇಲೆ ಕೂತ ಮಿದುಳಿನ ಭಾಗ, ಬುರುಡೆಯ ಒರಟು ತಳಕ್ಕೆ ಉಜ್ಜಿ ಗಾಯವಾಗುತ್ತದೆ. ಸಿಟ್ಟಿಗೆ ಕಡಿವಾಣ ಹಾಕುವ ಕೆಲಸದಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಸಣ್ಣ ಮಾತಿಗೂ ತಾಟು ಬಿಸಾಡುವ ಹುಡುಗನನ್ನು ಸೊಕ್ಕು ಬಂದಿದೆ ಎಂದು ಬಯ್ಯುವ ಮುಂಚೆ ಈ ಮಾತು ನಮಗೆ ಗೊತ್ತಿರಬೇಕು. "ಒಂದ್ ಕೆಲಸ ಹಿಡದ್ರ ಮುಗಸಂಗಿಲ್ಲ, ಕುಂತಲ್ಲೇ ಕುಂದರ್ತಾನ" ಎಂಬ ಇನ್ನೊಂದು ದೂರಿಗೆ 2012ರಲ್ಲಿ ಉತ್ತರ ಸಿಕ್ಕಿತು. ನಾವು ಸುಮ್ಮನೆ ಕೂತಾಗ ನಡೆಯುವ ಒಂದು ಜಾಲವಿದೆ, ಕೆಲಸಕ್ಕೆ ಇಳಿದ ಕೂಡಲೇ ಅದು ಹಿಂದೆ ಸರಿಯಬೇಕು. ಸರಿಯಲು ಹೇಳುವ ಇನ್ನೊಂದು ಜಾಲದ ತಂತುಗಳು ಪೆಟ್ಟಿನಿಂದ ಹಾಳಾಗಿದ್ದವರಲ್ಲಿ ಮೊದಲಿನದು ಹಿಂದೆ ಸರಿಯುವುದೇ ಇಲ್ಲ. ಸೋಮಾರಿತನವಲ್ಲ ಅದು!

ಎಲ್ಲಕ್ಕಿಂತ ನನ್ನ ಮೈ ನವಿರೇಳಿಸಿದ್ದು ಇದು. 2005ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ 23 ವರ್ಷದ ಹೆಣ್ಣುಮಗಳೊಬ್ಬಳಿಗೆ ರಸ್ತೆ ಅಪಘಾತವಾಯಿತು. ಕಣ್ಣು ತೆರೆಯುತ್ತಿದ್ದಳು, ಮಲಗಿ ಏಳುತ್ತಿದ್ದಳು, ಯಾರು ಕೂಗಿದರೂ ಓಗೊಡುತ್ತಿರಲಿಲ್ಲ. ಅರಿವೇ ಇಲ್ಲ ಎಂದಿದ್ದರು ವೈದ್ಯರು. ಐದು ತಿಂಗಳ ಮೇಲೆ ಕೇಂಬ್ರಿಜ್‌ನ ಏಡ್ರಿಯನ್ ಓವೆನ್ ಅವಳನ್ನು, ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತಿದೆ ಎಂದು ತೋರಿಸುವ ಎಫ್‌ಎಂಆರ್‌ಐಗೆ ಮಲಗಿಸಿ ಹೇಳಿದರು: ಟೆನಿಸ್ ಆಡುತ್ತಿದ್ದೀಯೆಂದು ಮನಸ್ಸಿನಲ್ಲಿ ಕಲ್ಪಿಸಿಕೋ. ಚಲನೆಯನ್ನು ಯೋಜಿಸುವ ಭಾಗಕ್ಕೆ ರಕ್ತ ನುಗ್ಗಿತು! ನಿನ್ನ ಮನೆಯ ಕೋಣೆಗಳಲ್ಲಿ ಓಡಾಡು ಎಂದರು. ಜಾಗ ಗುರುತಿಸುವ ಭಾಗ ಬೆಳಗಿತು! ಅವಳು ಕೇಳುತ್ತಿದ್ದಳು, ತಿಳಿಯುತ್ತಿದ್ದಳು, ಹೇಳಿದಂತೆ ಮಾಡುತ್ತಿದ್ದಳು. ಬೆರಳು ಎತ್ತಲು ಮಾತ್ರ ಆಗುತ್ತಿರಲಿಲ್ಲ. 2010ರಲ್ಲಿ ಇದೇ ದಾರಿ ಹಿಡಿದು, ಹೌದು ಎನ್ನಲು ಟೆನಿಸ್, ಅಲ್ಲ ಎನ್ನಲು ಮನೆ ಎಂದು ಗೊತ್ತುಮಾಡಿ, ಪೆಟ್ಟಾಗಿ ಐದು ವರ್ಷ ಮಾತಿಲ್ಲದೆ ಮಲಗಿದ್ದ ಒಬ್ಬನಿಗೆ ಅವನ ಬದುಕಿನ ಬಗ್ಗೆ ಆರು ಪ್ರಶ್ನೆ ಕೇಳಿದರು. ಅಪ್ಪನ ಹೆಸರು ಇಂಥದ್ದೆ ಎಂದೂ ಕೇಳಿದರು. ಐದಕ್ಕೆ ಸರಿಯುತ್ತರ ಬಂತು. 2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ನೋಡಿದವು. ಹೊರಗೆ ಏನೂ ಪ್ರತಿಕ್ರಿಯೆ ಕೊಡದ 241 ಜನರಲ್ಲಿ 60 ಜನ, ಹೇಳಿದ ಮಾತು ಕೇಳಿ ಒಳಗೊಳಗೇ ಅದರಂತೆ ಯೋಚಿಸುತ್ತಿದ್ದರು. ನಾಲ್ವರಲ್ಲಿ ಒಬ್ಬರು! ಹಾಸಿಗೆ ಹಿಡಿದ ಮಗನ ಪಕ್ಕ ಕೂತು "ಅಂವಗ ಎಲ್ಲ ಕೇಳಸ್ತದ" ಎಂದು ದಿನವೂ ಅವನೊಡನೆ ಮಾತಾಡುವ ತಂದೆತಾಯಿಯನ್ನು ಇನ್ನು ಯಾರೂ ಹುಚ್ಚರೆನ್ನಬಾರದು.

ಇಷ್ಟು ಹೇಳಿ ಒಂದು ಕಟ್ಟುನಿಟ್ಟಿನ ಮಾತನ್ನೂ ಹೇಳಲೇಬೇಕು. ಡಿಟಿಐ ಅಂಕ, ಮಿದುಳಿನ ವಯಸ್ಸು, ಇವೆಲ್ಲ ನೂರಾರು ಜನರನ್ನು ಗುಂಪಾಗಿ ಹೋಲಿಸಿ ಕಂಡ ಸತ್ಯಗಳು. ಒಬ್ಬನೇ ಒಬ್ಬನ ಚಿತ್ರ ಹಿಡಿದು "ಇವನ ಸಿಟ್ಟಿಗೆ ಈ ತಂತುವೇ ಕಾರಣ" ಎಂದು ಬೆರಳಿಡುವುದು ಇನ್ನೂ ಕಷ್ಟ. ಒಬ್ಬರಿಂದೊಬ್ಬರಿಗೆ ಮಿದುಳೇ ಬೇರೆ. ವಯಸ್ಸು, ಬಿಪಿ, ಸಕ್ಕರೆ, ಕುಡಿತ ಎಲ್ಲವೂ ಬಿಳಿ ಭಾಗವನ್ನು ಮುಟ್ಟುತ್ತವೆ. ಹಾಗಾಗಿ ವಿದ್ಯೆ ಇಷ್ಟು ಬೆಳೆದ ಮೇಲೂ ವೈದ್ಯರಿಗೆ ಮನೆಯವರ ಮಾತು ಬೇಕೇ ಬೇಕು. ಬಿದ್ದದ್ದು ಯಾವ ತಾರೀಕು, ಎಷ್ಟು ಹೊತ್ತು ಎಚ್ಚರವಿರಲಿಲ್ಲ, ಬೀಳುವ ಮುಂಚಿನದು ಎಲ್ಲಿಯವರೆಗೆ ನೆನಪಿದೆ, ವಾಸನೆ ಬರುತ್ತದೆಯೆ, ನಿದ್ದೆ ಹೇಗೆ, ಫಿಟ್ಸ್ ಬಂದಿತ್ತೆ, ಸಿಟ್ಟು ಯಾವಾಗಿನಿಂದ. ಇವನ್ನು ಒಂದು ವಹಿಯಲ್ಲಿ ಬರೆದು, ಹಳೆಯ ಸಿಟಿ ಫಿಲ್ಮನ್ನೂ ಜೊತೆಗಿಟ್ಟು ನರರೋಗ ತಜ್ಞರ ಮುಂದೆ ಇಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ವಯಸ್ಸಾದವರಿದ್ದರೆ ಇನ್ನೂ ಎಚ್ಚರ ಬೇಕು: ಬಿದ್ದು ವಾರಗಳ ಮೇಲೆ ಮಿದುಳಿನ ಹೊರಗೆ ರಕ್ತ ನಿಧಾನ ತುಂಬಿಕೊಂಡು, ಮಾತು ತೊದಲಿ ನಡಿಗೆ ತಪ್ಪಬಹುದು. ಮೊದಲ ಸಿಟಿಯಲ್ಲಿ ಅದು ಇರಲೇ ಇಲ್ಲ. ಎರಡನೆಯದು ಮಾಡಿಸಿದರೆ ಕಾಣುತ್ತದೆ. ಹೊತ್ತಿಗೆ ಸರಿಯಾಗಿ ತೆಗೆದರೆ ಎಷ್ಟೋ ಮುತ್ಯಾಗಳು ಎದ್ದು ನಡೆಯುತ್ತಾರೆ.

ಈಗ ನಮ್ಮ ಬೆಂಗಳೂರಿಗೆ ಬರೋಣ. ನಿಮ್ಹಾನ್ಸ್‌ನಲ್ಲಿ ಒಂದು ಮಿದುಳು ಸಂಗ್ರಹಾಲಯವಿದೆ. ಅಲ್ಲಿ ಸಾಮಾನ್ಯ ಜನರೂ ಹೋಗಿ ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿಯಬಹುದು. ಮರಣದ ನಂತರ ಮಿದುಳು ದಾನ ಮಾಡಿದ ಕುಟುಂಬಗಳ ಔದಾರ್ಯದಿಂದ, ಡಾ. ಎಸ್.ಕೆ. ಶಂಕರ್ ಅವರಂಥವರ ದಶಕಗಳ ದುಡಿಮೆಯಿಂದ ಕಟ್ಟಿದ್ದು ಅದು. ಅಂಗೈಗೆ ಬಂದ ಕೂಡಲೇ ತಣ್ಣಗೆ, ಭಾರವಾಗಿ ಕೂರುತ್ತದೆ. ಒಂದು ಜೀವಮಾನವೇ ಇಷ್ಟರಲ್ಲಿತ್ತೆ ಎಂದು ಮಾತು ಕಟ್ಟುತ್ತದೆ. ಅದೇ ಆವರಣದಲ್ಲಿ ಎಂಆರ್‌ಐ ಮತ್ತು ಪೆಟ್ ಎರಡನ್ನೂ ಒಟ್ಟಿಗೇ ತೆಗೆಯುವ ಯಂತ್ರವೂ ಇದೆ.

ಅಲ್ಲಿ ನಡೆದ ಒಂದು ಸಣ್ಣ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮನೋವಿಜ್ಞಾನಿ ಜಮುನಾ ರಾಜೇಶ್ವರನ್, ನರಶಸ್ತ್ರಚಿಕಿತ್ಸಕಿ ಬಿ. ಇಂದಿರಾ ದೇವಿ ಮತ್ತು ಸಂಗಡಿಗರು ತಲೆಪೆಟ್ಟಾದ ಇಬ್ಬರಿಗೆ ನ್ಯೂರೋಫೀಡ್‌ಬ್ಯಾಕ್ ತರಬೇತಿ ಕೊಟ್ಟರು. ತಲೆಗೆ ಇಇಜಿ ತಂತಿ ಅಂಟಿಸಿ, ಅವರದೇ ಮಿದುಳಿನ ಅಲೆಗಳನ್ನು ಎದುರಿನ ಪರದೆಯ ಮೇಲೆ ತೋರಿಸುವುದು; ಅಲೆ ಬೇಕಾದ ಹದಕ್ಕೆ ಬಂದಾಗ ಪರದೆ ಸೂಚನೆ ಕೊಡುವುದು. ಔಷಧಿಯಿಲ್ಲ, ಚಾಕುವಿಲ್ಲ. ಇಂಥ 20 ಸಲದ ತರಬೇತಿಗೆ ಮುಂಚೆ ಒಂದು, ಆಮೇಲೆ ಒಂದು ಎಂಆರ್‌ಐ. 2014ರಲ್ಲಿ ಪ್ರಕಟವಾದ ಅವರ ಬರಹದ ಪ್ರಕಾರ, ಇಬ್ಬರ ನೆನಪು, ಗಮನದ ಪರೀಕ್ಷೆಗಳು ಸುಧಾರಿಸಿದವು. ಅಷ್ಟೇ ಅಲ್ಲ, ಬೂದು ಭಾಗದ ಗಾತ್ರ ಹೆಚ್ಚಿತ್ತು, ಬಿಳಿ ಭಾಗದ ತಂತುಗಳ ಅಂಕ ಏರಿತ್ತು, ಥಲಾಮಸ್‌ಗೂ ಹೊರಪದರಕ್ಕೂ ನಡುವಿನ ಸಂಪರ್ಕ ಚುರುಕಾಗಿತ್ತು! ಇಬ್ಬರೇ ಜನ, ಇದರಿಂದ ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲು ಬರುವುದಿಲ್ಲ. ಆದರೆ ಪೆಟ್ಟಿನ ಗುರುತು ಹಿಡಿಯಲು ಹುಟ್ಟಿದ ಚಿತ್ರ, ಮಿದುಳು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವುದನ್ನೂ ತೋರಿಸಬಲ್ಲದು ಎಂಬುದಕ್ಕೆ ನಮ್ಮ ಕರ್ನಾಟಕದಲ್ಲೇ ಸಿಕ್ಕ ಸುಳಿವು ಇದು. ಸಾಯಗಾಂವದ ಆ ಅವ್ವ ಕೇಳಬೇಕಾದ ಪ್ರಶ್ನೆ "ನನ್ನ ಮಗನಿಗೆ ಏನಾಗಿದೆ" ಎಂಬಲ್ಲಿಗೆ ನಿಲ್ಲಬೇಕಿಲ್ಲ. ನೆನಪಿಗೆ, ಮಾತಿಗೆ, ಸಿಟ್ಟಿಗೆ ಪುನಶ್ಚೇತನದ ತರಬೇತಿಗಳಿವೆ, ವರ್ಷ ಕಳೆದ ಮೇಲೂ ಅವು ಉಪಯೋಗಕ್ಕೆ ಬರುತ್ತವೆ.

ಹೆಲ್ಮೆಟ್ಟಿನ ಮಾತು ಹೇಳದೆ ಮುಂದೆ ಹೋಗಲಾರೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು; ಅವರಲ್ಲಿ 50,029 ಜನ ದ್ವಿಚಕ್ರ ವಾಹನದ ಮೇಲೆ ಹೆಲ್ಮೆಟ್ ಇಲ್ಲದೆ ಇದ್ದವರು. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ಉಳಿದು ಮನೆಗೆ ಬಂದು, ಮೊದಲಿನಂತೆ ಆಗದವರ ಲೆಕ್ಕ ಅದರಲ್ಲಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಹೆಲ್ಮೆಟ್ ತಲೆಪೆಟ್ಟನ್ನು ಶೇ 69ರಷ್ಟು, ಸಾವನ್ನು ಶೇ 42ರಷ್ಟು ತಗ್ಗಿಸುತ್ತದೆ ಎಂದು ಕಂಡಿದೆ. 1,76,000 ಕಿಲೋಮೀಟರ್ ತಂತು ಕಾಯಲು ಗೂಟದಿಂದ ಅದನ್ನು ತೆಗೆದು ತಲೆಗೆ ಹಾಕಿ ಪಟ್ಟಿ ಬಿಗಿದರೆ ಸಾಕು.

ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಹೊಲ ಬಿಟ್ಟು, ಕೂಲಿ ಬಿಟ್ಟು, ಒಬ್ಬ ರೋಗಿಯ ಜೊತೆ ಇಬ್ಬರು ಹೊರಡಬೇಕು. ಇಷ್ಟು ಬೆರಗಿನ ವಿದ್ಯೆ ಅಷ್ಟು ದೂರವಿದ್ದರೆ ಏನು ಬಂತು ಎಂದು ನನ್ನೊಳಗೇ ಕುದಿಯುತ್ತಿದ್ದೆ. ಆಗ ಇನ್ನೊಂದು ಸುದ್ದಿ ಕಣ್ಣಿಗೆ ಬಿತ್ತು. 2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಂದು ಎಂಆರ್‌ಐ ಯಂತ್ರ. ಅದರ ಕಾಂತಬಲ 0.064 ಟೆಸ್ಲಾ ಮಾತ್ರ, ಮೂರು ಟೆಸ್ಲಾದ ದೊಡ್ಡ ಯಂತ್ರದ ಸುಮಾರು ನಲವತ್ತೇಳರಲ್ಲಿ ಒಂದು ಪಾಲು. ಅದಕ್ಕೆ ಚಕ್ರಗಳಿವೆ! ವಾರ್ಡಿನಲ್ಲಿ ತಳ್ಳಿಕೊಂಡು ಬಂದು ಹಾಸಿಗೆಯ ಪಕ್ಕ ನಿಲ್ಲಿಸಿ, ಗೋಡೆಯ ಮಾಮೂಲಿ ಪ್ಲಗ್ಗಿಗೆ ಹಾಕಿದರೆ ಕೆಲಸ ಶುರು. ತಣ್ಣಗಿಡಲು ದ್ರವ ಹೀಲಿಯಂ ಬೇಡ, ಅದಕ್ಕಾಗಿ ಬೇರೆ ಕೋಣೆ ಕಟ್ಟುವುದೂ ಬೇಡ. ಚಿತ್ರ ಮಸುಕು, ತಂತುಗಳ ಸೂಕ್ಷ್ಮ ಕಥೆ ಅದಕ್ಕೆ ಇನ್ನೂ ಪೂರ್ತಿ ಕಾಣದು. 6,400 ಚುಕ್ಕಿಗಳ ಮೊದಲ ಸಿಟಿ ಚಿತ್ರವೂ ಮಸುಕಾಗಿಯೇ ಇತ್ತು. ಬೀದರಿನ ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ, ಆಮೇಲೆ ಭಾಲ್ಕಿಯಲ್ಲಿ, ಔರಾದಿನಲ್ಲಿ ಅಂಥದೊಂದು ಯಂತ್ರ ಉರುಳಿಕೊಂಡು ಬರುವುದನ್ನು ನೋಡಬೇಕೆಂಬ ಆಸೆ ನನಗೆ. ಬಂದ ದಿನ, ಎಷ್ಟೋ ವರ್ಷದಿಂದ "ಅಂವ ಮೊದಲಿನಂಗ ಇಲ್ರಿ" ಎಂದು ಹೇಳುತ್ತ ಬಂದವರನ್ನು ಮೊದಲು ಒಳಗೆ ಕರೆಯಲಿ.